ಐಎಟಿ ಸೆನ್ಸರ್ ಕೆಟ್ಟಿದೆಯಾ? ಹೊಸದು ತರುವ ಮುಂಚೆ ಮನೆ ಅಂಗಳದಲ್ಲೇ ನೋಡಿಕೊಳ್ಳಿ

ಮಳೆಗಾಲ ಶುರುವಾದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಊರಿನಿಂದ ಬರುತ್ತದೆ. "ಚೆಕ್ ಎಂಜಿನ್ ಲೈಟ್ ಬಂತು. ಸ್ಕ್ಯಾನರ್ ಹಾಕಿಸಿದೆ. ಏರ್ ಟೆಂಪರೇಚರ್ ಸೆನ್ಸರ್ ಅಂತ ತೋರಿಸ್ತು, ಬದಲಿಸಿದೆ. ಎರಡು ವಾರಕ್ಕೆ ಮತ್ತೆ ಅದೇ ಲೈಟ್. ಈಗೇನು ಮಾಡ್ಲಿ?" ತೀರ್ಥಹಳ್ಳಿಯವರು ಕೇಳಿದ್ದಾರೆ, ಹೊಸನಗರದವರು ಕೇಳಿದ್ದಾರೆ, ಶಿವಮೊಗ್ಗ ಪೇಟೆಯೊಳಗಿನವರೂ ಕೇಳಿದ್ದಾರೆ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಈ ಏರ್ ಟೆಂಪರೇಚರ್ ಸೆನ್ಸರ್, ಅಂದರೆ ಐಎಟಿ, ತೀರಾ ಸರಳವಾದ ಸಾಮಾನು. ತಾನಾಗಿ ಕೆಡುವುದು ಕಡಿಮೆ. ನಮ್ಮ ಮಲೆನಾಡಿನಲ್ಲಿ ಅದಕ್ಕೆ ಹೋಗುವ ವೈರು, ವೈರಿನ ತುದಿಯ ಕಪ್ಲರ್ (ಸೆನ್ಸರ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಪ್ಲಗ್) ಇವೇ ಮೊದಲು ಕೆಡುತ್ತವೆ. ಕಾರಣ ತೇವ, ಇಲಿ, ಒತ್ತಡದ ವಾಟರ್ ಸರ್ವಿಸ್. ಹಾಗಾಗಿ ಸ್ಕ್ಯಾನರ್ ಸೆನ್ಸರ್‌ನ ಹೆಸರು ಹೇಳಿದ ಕೂಡಲೇ ಸೆನ್ಸರ್ ತರಲು ಓಡಬೇಡಿ. ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಿ.

ಏನಿದು ಐಎಟಿ?

ಎಂಜಿನ್ ಒಳಗೆ ಹೋಗುವ ಗಾಳಿ ಎಷ್ಟು ಬಿಸಿ ಇದೆ ಎಂದು ಅಳೆಯುವ ಸೆನ್ಸರ್ ಇದು. ಇಂಟೇಕ್ ಏರ್ ಟೆಂಪರೇಚರ್ ಎಂಬುದರ ಮೊದಲಕ್ಷರ ಸೇರಿಸಿ ಐಎಟಿ ಅನ್ನುತ್ತಾರೆ. ಒಳಗಿರುವುದು ಒಂದು ಥರ್ಮಿಸ್ಟರ್. ಅಂದರೆ ಬಿಸಿಗೆ ತಕ್ಕಂತೆ ತನ್ನ ವಿದ್ಯುತ್ ತಡೆಯನ್ನು ಬದಲಿಸಿಕೊಳ್ಳುವ ಪುಟ್ಟ ಮಣಿ. ಇದರ ಗುಣ ತಲೆಕೆಳಗು: ಬಿಸಿ ಏರಿದರೆ ತಡೆ ಇಳಿಯುತ್ತದೆ, ಚಳಿಯಾದರೆ ತಡೆ ಏರುತ್ತದೆ. ಈ ಒಂದು ಮಾತು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಈ ಮಣಿಯ ಕಡೆಗೆ 5 ವೋಲ್ಟ್ ಕಳಿಸುತ್ತದೆ. ಎಷ್ಟು ವೋಲ್ಟ್ ಉಳಿಯಿತು ಎಂದು ನೋಡಿ ಬಿಸಿ ಎಷ್ಟು ಅಂತ ಲೆಕ್ಕ ಹಾಕುತ್ತದೆ. ವೈರು ತುಂಡಾದರೆ ತಡೆ ಮಿತಿಮೀರಿ ಏರಿದ ಹಾಗೆ ಕಾಣುತ್ತದೆ. ಆಗ ಇಸಿಯು "ಅಬ್ಬಾ, ಏನು ಚಳಿ" ಅಂದುಕೊಂಡು ಮೈನಸ್ 40 ಡಿಗ್ರಿ ತೋರಿಸುತ್ತದೆ. ಎರಡು ವೈರು ಒಂದಕ್ಕೊಂದು ತಾಗಿದರೆ ತಡೆ ಇಲ್ಲವೇ ಇಲ್ಲ. ಆಗ 120 ಡಿಗ್ರಿಗೂ ಮೇಲೆ ತೋರಿಸುತ್ತದೆ. ಆಗುಂಬೆಯಲ್ಲಿ ಎಂಥ ಮಾಗಿ ಚಳಿ ಬಂದರೂ ಮೈನಸ್ 40 ಆಗುವುದಿಲ್ಲ. ಆ ಅಂಕಿ ಕಂಡರೆ ಅದು ಹವಾಮಾನವಲ್ಲ, ವೈರಿನ ಸುದ್ದಿ.

ಈ ಅಳತೆ ಯಾಕೆ ಬೇಕು? ತಣ್ಣಗಿನ ಗಾಳಿ ದಟ್ಟ, ಬಿಸಿ ಗಾಳಿ ತೆಳು. ನಮ್ಮ ಸಾಧಾರಣ ಹವೆಯಲ್ಲಿ ಹೆಚ್ಚುಕಡಿಮೆ ಪ್ರತಿ 3 ಡಿಗ್ರಿಗೆ ನೂರಕ್ಕೆ ಒಂದರಷ್ಟು ವ್ಯತ್ಯಾಸ, ಚಳಿ ಹೆಚ್ಚಿದಷ್ಟೂ ಇದು ಇನ್ನೂ ತುಸು ಜಾಸ್ತಿ. ಗಾಳಿ ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡಬೇಕು. ಹೊರಗೆ 27 ಡಿಗ್ರಿ ಇರುವಾಗ ಇಸಿಯು ಅದನ್ನು ಮೈನಸ್ 40 ಎಂದು ನಂಬಿಬಿಟ್ಟರೆ, ಬರೀ ಲೆಕ್ಕದ ಪ್ರಕಾರ ಸುಮಾರು ನೂರಕ್ಕೆ 29ರಷ್ಟು ಜಾಸ್ತಿ ಪೆಟ್ರೋಲ್ ಬಿಡಬೇಕಾಗುತ್ತದೆ. ನಿಜದಲ್ಲಿ ಅಷ್ಟು ಕೆಡುವುದಿಲ್ಲ. ಅಂಕಿ ವಿಪರೀತ ಅನ್ನಿಸಿದರೆ ಇಸಿಯು ಅದನ್ನು ಬಿಟ್ಟು ತನ್ನದೇ ಒಂದು ಅಂದಾಜು ಇಟ್ಟುಕೊಳ್ಳುತ್ತದೆ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಕೂಡ ತಿದ್ದುತ್ತದೆ. ಆದರೆ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಆಕ್ಸಿಜನ್ ಸೆನ್ಸರ್ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ತೊಂದರೆ ಬೆಳಗ್ಗೆಯೇ ಜಾಸ್ತಿ ಕಾಣುವುದು ಅದಕ್ಕೇ.

ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ?

ಮೂರು ಜಾಗಗಳಲ್ಲಿ ಒಂದು. ಹಳೆಯ ಕೆಲವು ಕಾರುಗಳಲ್ಲಿ ಏರ್ ಫಿಲ್ಟರ್ ಡಬ್ಬಿಯಿಂದ ಹೊರಡುವ ದಪ್ಪ ಪ್ಲಾಸ್ಟಿಕ್ ಪೈಪಿಗೆ ಚುಚ್ಚಿದ ಹಾಗೆ ಬೇರೆಯಾಗಿಯೇ ಇರುತ್ತದೆ. ಅದಕ್ಕೆ ಎರಡೇ ವೈರು. ನಮ್ಮಲ್ಲಿ ಓಡುವ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಇಂಟೇಕ್ ಮ್ಯಾನಿಫೋಲ್ಡ್ (ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಪೈಪುಗಳ ಗುಚ್ಛ) ಮೇಲಿನ ಮ್ಯಾಪ್ ಸೆನ್ಸರ್ ಒಳಗೇ ಸೇರಿರುತ್ತದೆ. ಮ್ಯಾಪ್ ಅಂದರೆ ಮ್ಯಾನಿಫೋಲ್ಡ್ ಒಳಗಿನ ಗಾಳಿಯ ಒತ್ತಡ ಅಳೆಯುವುದು. ಎರಡೂ ಸೇರಿದ ಈ ಸೆನ್ಸರ್‌ಗೆ ನಾಲ್ಕು ವೈರು. ಡೀಸೆಲ್ ಕಾರುಗಳಲ್ಲಿ ಹೆಚ್ಚಾಗಿ ಏರ್ ಫಿಲ್ಟರ್ ದಾಟಿದ ಕೂಡಲೇ ಸಿಗುವ ಏರ್ ಫ್ಲೋ ಸೆನ್ಸರ್ ಒಳಗಿರುತ್ತದೆ. ಅದಕ್ಕೆ ಐದು ವೈರು ಇರಬಹುದು. ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಸಾಧನ) ಇರುವ ಎಂಜಿನ್‌ಗಳಲ್ಲಿ ಎರಡು ಕಡೆ ಅಳೆಯುವುದೂ ಉಂಟು: ಒಂದು ಫಿಲ್ಟರ್ ಬಳಿ, ಇನ್ನೊಂದು ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಆದ ಮೇಲೆ. ಸ್ಕ್ಯಾನರ್ ಯಾವುದನ್ನು ದೂರುತ್ತಿದೆ ಎಂದು ತಿಳಿಯದೆ ಮುಂದೆ ಹೋಗಬೇಡಿ.

ಏರ್ ಫ್ಲೋ ಸೆನ್ಸರ್ ಇರುವ ಎಂಜಿನ್‌ನಲ್ಲಿ ಗಾಳಿಯ ತೂಕವನ್ನು ಅದೇ ನೇರ ಅಳೆಯುತ್ತದೆ. ಅಲ್ಲಿ ಐಎಟಿ ತಪ್ಪಿದರೂ ಓಡಿಸುವಾಗ ಅಷ್ಟಾಗಿ ಗೊತ್ತಾಗದೇ ಇರಬಹುದು. ಬರೀ ಮ್ಯಾಪ್ ಇರುವ ಪೆಟ್ರೋಲ್ ಕಾರಿನಲ್ಲಿ ಒತ್ತಡ ಮತ್ತು ಬಿಸಿ ಎರಡನ್ನೂ ಸೇರಿಸಿಯೇ ಗಾಳಿಯ ಲೆಕ್ಕ ಆಗಬೇಕು. ಅಲ್ಲಿ ಐಎಟಿ ತಪ್ಪಿದರೆ ಪೆಟ್ಟು ದೊಡ್ಡದು.

ಲಕ್ಷಣಗಳು

ಅಂಕಿ ಸುಳ್ಳೇ ಚಳಿ ಹೇಳುತ್ತಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ: ಮೈಲೇಜ್ ಇಳಿಯುತ್ತದೆ, ಹೊಗೆಯಲ್ಲಿ ಪೆಟ್ರೋಲ್ ವಾಸನೆ, ಐಡ್ಲಿಂಗ್ ಏರಿಳಿತ. ಸುಳ್ಳೇ ಬಿಸಿ ಹೇಳುತ್ತಿದ್ದರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಜೊತೆಗೆ ಎಂಜಿನ್ ಬಡಿಯದಿರಲಿ ಎಂದು ಇಸಿಯು ಸ್ಪಾರ್ಕ್ ಸಮಯವನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಘಾಟಿ ಏರುವಾಗ ಪಿಕಪ್ ಸಾಲದು ಅನ್ನಿಸುತ್ತದೆ.

ಇವೇ ಲಕ್ಷಣ ಬೇರೆ ಹತ್ತು ಕಾರಣಕ್ಕೂ ಬರುತ್ತವೆ. ಕಟ್ಟಿಕೊಂಡ ಏರ್ ಫಿಲ್ಟರ್, ಸೀಳಿದ ವ್ಯಾಕ್ಯೂಮ್ ಹೋಸ್, ಕೂಲೆಂಟ್ ಸೆನ್ಸರ್ (ಎಂಜಿನ್ ತಣಿಸುವ ರೇಡಿಯೇಟರ್ ನೀರಿನ ಬಿಸಿ ಅಳೆಯುವುದು), ಹಳೆಯ ಸ್ಪಾರ್ಕ್ ಪ್ಲಗ್. ಬೆಳಗ್ಗೆ ಸ್ಟಾರ್ಟ್ ಆಗಲು ತಕರಾರು ಎಂದಾದರೆ ನನ್ನ ಅನುಮಾನ ಮೊದಲು ಕೂಲೆಂಟ್ ಸೆನ್ಸರ್ ಮೇಲೆ. ತಣ್ಣಗಿನ ಎಂಜಿನ್‌ಗೆ ಎಷ್ಟು ಪೆಟ್ರೋಲ್ ಬೇಕು ಎಂದು ತೀರ್ಮಾನಿಸುವುದರಲ್ಲಿ ಅದರ ಮಾತೇ ಹೆಚ್ಚು ನಡೆಯುತ್ತದೆ. ಡೀಸೆಲ್ ಕಾರು ದಟ್ಟ ಕರಿ ಹೊಗೆ ಬಿಡುತ್ತಿದ್ದರೆ ಟರ್ಬೊ ಹೋಸ್ ಮತ್ತು ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಕಳಿಸುವ ವಾಲ್ವ್) ಕಡೆ ಮೊದಲು ನೋಡಿ.

ಏನೇನು ಬೇಕು

- ಬ್ಲೂಟೂತ್ ಓಬಿಡಿ ಅಡಾಪ್ಟರ್ ಮತ್ತು ಮೊಬೈಲಿನಲ್ಲಿ ಅದಕ್ಕೆ ತಕ್ಕ ಆ್ಯಪ್. ಓಬಿಡಿ ಅಂದರೆ ಕಾರು ತನ್ನ ತೊಂದರೆಯನ್ನು ತಾನೇ ಬರೆದಿಟ್ಟುಕೊಳ್ಳುವ ವ್ಯವಸ್ಥೆ. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಸಾಕೆಟ್ ಇರುತ್ತದೆ. ತುಂಬಾ ಹಳೆಯ ಕಾರಾದರೆ ಈ ಅಡಾಪ್ಟರ್ ಮಾತಾಡದೇ ಇರಬಹುದು.
- ಡಿಜಿಟಲ್ ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯ ಸಾಧಾರಣದ್ದೇ ಸಾಕು.
- ಗೋಡೆಗೆ ನೇತುಹಾಕುವ ಥರ್ಮಾಮೀಟರ್. ಜ್ವರ ನೋಡುವುದು ಆಗುವುದಿಲ್ಲ. ಮೊಬೈಲ್ ತೋರಿಸುವ ಹವಾಮಾನವೂ ಬೇಡ, ಅದು ನಿಮ್ಮ ಅಂಗಳದ ಅಂಕಿ ಅಲ್ಲ.
- ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಏರ್ ಫ್ಲೋ ಸೆನ್ಸರ್ ಇದ್ದರೆ ಅದಕ್ಕೆಂದೇ ಸಿಗುವ ಕ್ಲೀನರ್ ಬೇರೆ.
- ಹೇರ್ ಡ್ರೈಯರ್, ಒಂದಿಷ್ಟು ಐಸ್, ಪ್ಲಾಸ್ಟಿಕ್ ಕವರ್, ಸ್ಕ್ರೂ ಡ್ರೈವರ್. ಕೆಲವು ಸೆನ್ಸರ್‌ಗಳಿಗೆ ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್ ಬೇಕು.
- ಕಾಗದ, ಪೆನ್ನು. ಇದನ್ನು ಬಿಡಬೇಡಿ.

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಕೀ ಆನ್ ಇರುವಾಗ ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು. ಕೈ, ಶಾಲು, ಪಂಚೆಯ ತುದಿ ಅದರಿಂದ ದೂರ.

ಹಂತ 1: ಕೋಡ್ ಓದಿ, ಬರೆದಿಡಿ, ಅಳಿಸಬೇಡಿ

ಅಡಾಪ್ಟರ್ ಹಾಕಿ ಕೋಡ್ ನೋಡಿ. ಈ ಐದರಲ್ಲಿ ಒಂದು ಇರುತ್ತದೆ.

ಪಿ0110: ಐಎಟಿ ಸರ್ಕ್ಯೂಟ್‌ನಲ್ಲಿ ಏನೋ ತೊಂದರೆ, ಇಂಥದ್ದೇ ಅಂತ ಹೇಳುವುದಿಲ್ಲ.
ಪಿ0111: ಅಂಕಿ ಬರುತ್ತಿದೆ, ಆದರೆ ನಂಬುವ ಹಾಗಿಲ್ಲ. ಬದಲಾಗಬೇಕಾದಾಗ ಬದಲಾಗುತ್ತಿಲ್ಲ.
ಪಿ0112: ವೋಲ್ಟೇಜ್ ತೀರಾ ಕಡಿಮೆ. ವೈರು ಎಲ್ಲೋ ತಾಗಿದೆ, ಅಂಕಿ ವಿಪರೀತ ಬಿಸಿ.
ಪಿ0113: ವೋಲ್ಟೇಜ್ ತೀರಾ ಜಾಸ್ತಿ. ವೈರು ತುಂಡು ಅಥವಾ ಕಪ್ಲರ್ ಸಡಿಲ, ಅಂಕಿ ವಿಪರೀತ ಚಳಿ.
ಪಿ0114: ಬಂದು ಹೋಗುವ ತೊಂದರೆ.

ಪಿ0112, ಪಿ0113 ನೋಡಿ ಹಲವರು ಗೊಂದಲ ಮಾಡಿಕೊಳ್ಳುತ್ತಾರೆ. ಅಲ್ಲಿ ಕಡಿಮೆ, ಜಾಸ್ತಿ ಎಂದು ಹೇಳಿರುವುದು ವೋಲ್ಟೇಜ್ ಬಗ್ಗೆ, ಬಿಸಿಯ ಬಗ್ಗೆ ಅಲ್ಲ. ತಲೆಕೆಳಗು ಗುಣ ನೆನಪಿದೆ ಅಲ್ವಾ?

ಆ್ಯಪ್‌ನಲ್ಲಿ ಫ್ರೀಜ್ ಫ್ರೇಮ್ ಎಂಬುದಿದ್ದರೆ ಅದನ್ನೂ ಬರೆದುಕೊಳ್ಳಿ. ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು, ವೇಗ ಎಷ್ಟು, ಕೂಲೆಂಟ್ ಎಷ್ಟು ಬಿಸಿ ಇತ್ತು ಎಂಬ ಚಿತ್ರ ಅದು. ಕೋಡ್ ಅಳಿಸಿದರೆ ಅದೂ ಹೋಗುತ್ತದೆ. ಬ್ಯಾಟರಿ ತಂತಿ ಬಿಚ್ಚಿದರೂ ಸಾಮಾನ್ಯವಾಗಿ ಹೋಗುತ್ತದೆ. ಲೈಟ್ ಆರಿಸಲಿಕ್ಕೆ ಬ್ಯಾಟರಿ ಬಿಚ್ಚುವ ಅಭ್ಯಾಸ ಬಿಡಿ. ಲೈಟ್ ಆರುತ್ತದೆ, ತೊಂದರೆ ಉಳಿಯುತ್ತದೆ, ಸುಳಿವು ಮಾತ್ರ ಕಳೆದುಹೋಗುತ್ತದೆ.

ಹಂತ 2: ಬೆಳಗಿನ ಹೋಲಿಕೆ

ಇಡೀ ಪರೀಕ್ಷೆಯಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಒಂದು ಪೈಸೆ ಖರ್ಚಿಲ್ಲ, ಏನೂ ಬಿಚ್ಚಬೇಕಿಲ್ಲ.

ಹಿಂದಿನ ಸಂಜೆ ಕಾರು ನಿಲ್ಲಿಸಿ. ಕನಿಷ್ಠ ಎಂಟು ಗಂಟೆ ಮುಟ್ಟಬೇಡಿ. ಥರ್ಮಾಮೀಟರನ್ನು ರಾತ್ರಿಯೇ ಕಾರಿನ ಪಕ್ಕ ನೇತುಹಾಕಿ. ಬೆಳಗ್ಗೆ ಬಾನೆಟ್ ಮೇಲೆ ಬಿಸಿಲು ಬೀಳುವ ಮುಂಚೆ ಬಂದು ಕೀ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಬಟನ್ ಸ್ಟಾರ್ಟ್ ಕಾರಾದರೆ ಕ್ಲಚ್, ಬ್ರೇಕ್ ತುಳಿಯದೆ ಬಟನ್ ಒತ್ತಿ ಡ್ಯಾಶ್‌ಬೋರ್ಡ್ ದೀಪ ಹತ್ತುವ ಹಾಗೆ ಮಾಡಿ.

ಈಗ ಮೂರು ಅಂಕಿ ಬರೆದುಕೊಳ್ಳಿ: ಆ್ಯಪ್‌ನ ಇಂಟೇಕ್ ಏರ್ ಟೆಂಪರೇಚರ್, ಆ್ಯಪ್‌ನ ಕೂಲೆಂಟ್ ಟೆಂಪರೇಚರ್, ಥರ್ಮಾಮೀಟರ್. ರಾತ್ರಿಯಿಡೀ ತಣ್ಣಗಾದ ಎಂಜಿನ್‌ನಲ್ಲಿ ಎಲ್ಲವೂ ಒಂದೇ ಬಿಸಿಗೆ ಬಂದಿರಬೇಕು. ಮೂರೂ ಸುಮಾರು 5 ಡಿಗ್ರಿ ಒಳಗೆ ಇದ್ದರೆ ಸರಿ. ಅಂಗಳದಲ್ಲಿ 18, ಕೂಲೆಂಟ್ 20, ಐಎಟಿ 19 ಹೀಗೆ. ಅಂಗಳ 18, ಕೂಲೆಂಟ್ 20, ಐಎಟಿ 41 ಅಂದರೆ ಐಎಟಿ ಸುಳ್ಳು ಹೇಳುತ್ತಿದೆ. ಅಂಗಳ 18, ಐಎಟಿ 19, ಕೂಲೆಂಟ್ 45 ಅಂದರೆ ನೀವು ತಪ್ಪು ಸೆನ್ಸರನ್ನು ದೂರುತ್ತಿದ್ದೀರಿ.

ಮೈನಸ್ 40 ಕಂಡರೆ ಹಂತ 4ಕ್ಕೆ ಹೋಗಿ. ಮೂರೂ ಸರಿ ಇದ್ದರೂ ಖುಷಿಪಟ್ಟು ನಿಲ್ಲಿಸಬೇಡಿ. ಕೆಲವು ಇಸಿಯುಗಳು ವೈರು ಕಡಿದರೆ ಮೈನಸ್ 40ರ ಬದಲು 20 ಡಿಗ್ರಿಯಂಥ ಒಂದು ಬದಲಿ ಅಂಕಿ ತೋರಿಸುತ್ತವೆ. ನಮ್ಮ ಬೆಳಗಿನ ಚಳಿಗೆ ಅದು ಸರಿಹೊಂದಿದ ಹಾಗೇ ಕಾಣುತ್ತದೆ. ಅದನ್ನು ಮುಂದಿನ ಹಂತ ಬಯಲು ಮಾಡುತ್ತದೆ.

ಹಂತ 3: ಸ್ಟಾರ್ಟ್ ಮಾಡಿ, ಓಡಿಸಿ, ಅಂಕಿ ಕುಣಿಯುತ್ತದಾ ನೋಡಿ

ಎಂಜಿನ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಕಾರನ್ನು ಬಯಲಲ್ಲಿ ನಿಲ್ಲಿಸಿ, ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ, ಆ ಹೊಗೆ ಜೀವಕ್ಕೇ ಅಪಾಯ. ಬಾನೆಟ್ ಒಳಗೆ ಬಿಸಿ ತುಂಬುತ್ತಿದ್ದ ಹಾಗೆ ಐಎಟಿ ಮೆಲ್ಲಗೆ ಏರಬೇಕು. ಅಲುಗಾಡದೆ ಅದೇ ಅಂಕಿಯಲ್ಲಿ ನಿಂತರೆ ಅದು ಬದಲಿ ಅಂಕಿ ಇರಬಹುದು, ಇಲ್ಲವೇ ಸೆನ್ಸರ್ ಮೇಲೆ ಎಣ್ಣೆ ಧೂಳಿನ ಪದರ ಕೂತಿರಬಹುದು.

ಆಮೇಲೆ ರಸ್ತೆಗೆ ಹೋಗಿ. ಮೊಬೈಲ್ ನೋಡುವ ಕೆಲಸ ಪಕ್ಕದಲ್ಲಿ ಕೂತವರದು, ನಿಮ್ಮದಲ್ಲ. ವೇಗ ಬಂದಾಗ ಹೊಸ ಗಾಳಿ ಒಳಬಂದು ಅಂಕಿ ಇಳಿಯಬೇಕು. ನಿಂತಾಗ ಮತ್ತೆ ಏರಬೇಕು. ಇಲ್ಲಿ ಹಲವರು ಹೆದರುವ ಒಂದು ವಿಷಯ ಇದೆ. ಪೇಟೆಯ ಟ್ರಾಫಿಕ್‌ನಲ್ಲಿ ಮಧ್ಯಾಹ್ನ ನಿಂತಾಗ 55, 60 ಡಿಗ್ರಿ ಕಂಡರೆ ಅದು ದೋಷವಲ್ಲ. ಊಟಕ್ಕೆ ಅಂತ ಅರ್ಧ ಗಂಟೆ ಕಾರು ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದಾಗಲೂ ಅಂಕಿ ಮೇಲೇ ಇರುತ್ತದೆ. ಎಂಜಿನ್ನಿನ ಬಿಸಿ ಸೆನ್ಸರ್‌ಗೆ ಏರಿರುತ್ತದೆ, ಅಷ್ಟೇ. ಸೋಮೇಶ್ವರದಿಂದ ಆಗುಂಬೆ ಘಾಟಿಯ 14 ತಿರುವು ಎರಡನೇ ಗೇರಿನಲ್ಲಿ ಹತ್ತುವಾಗಲೂ ಹಾಗೇ: ಎಂಜಿನ್‌ಗೆ ಕೆಲಸ ಜಾಸ್ತಿ, ಎದುರು ಗಾಳಿ ಕಡಿಮೆ. ಮೇಲೆ ಬಂದು ಸಮ ರಸ್ತೆಯಲ್ಲಿ ಒಂದೆರಡು ಕಿಲೋಮೀಟರ್ ಓಡಿದ ಮೇಲೆ ಇಳಿಯುತ್ತದಾ ಎನ್ನುವುದು ಮುಖ್ಯ.

ಗುಂಡಿ ರಸ್ತೆಯಲ್ಲೂ ಓಡಿಸಿ ನೋಡಿ. ಗಾಜನೂರು ದಾಟಿ ಮಂಡಗದ್ದೆ ಕಡೆ ಹೋಗುವಾಗ ನನ್ನ ಕಾರಿನಲ್ಲಿ ಅಂಕಿ 31 ಇದ್ದದ್ದು ಒಂದು ಗುಂಡಿಗೆ ಮೈನಸ್ 40ಕ್ಕೆ ಬಿತ್ತು, ಮುಂದಿನ ಗುಂಡಿಗೆ ಮತ್ತೆ 31ಕ್ಕೆ ಬಂತು. ಗಾಳಿ ಹಾಗೆ ಹಾರುವುದಿಲ್ಲ. ಹಾರಿದರೆ ಅದು ಸಡಿಲ ಕಪ್ಲರ್ ಅಥವಾ ಒಳಗೊಳಗೇ ಮುರಿದ ವೈರು.

ಹಂತ 4: ಕಣ್ಣಿಂದ ನೋಡಿ, ಕೈಯಿಂದ ಅಲ್ಲಾಡಿಸಿ

ಕೀ ಆಫ್ ಮಾಡಿ. ಸೆನ್ಸರ್ ಹುಡುಕಿ. ಕಪ್ಲರ್‌ನ ಲಾಕ್ ಒತ್ತಿ, ಕಪ್ಲರ್‌ನ ಮೈ ಹಿಡಿದು ಎಳೆಯಿರಿ. ವೈರು ಹಿಡಿದು ಎಳೆಯಬೇಡಿ. ಹಳೆಯ ಲಾಕ್ ಪ್ಲಾಸ್ಟಿಕ್ ಬಿಸಿಗೆ ಒಣಗಿ ಹಪ್ಪಳದಂತಾಗಿರುತ್ತದೆ, ಸ್ವಲ್ಪ ಜೋರು ಮಾಡಿದರೂ ಮುರಿಯುತ್ತದೆ.

ಕಪ್ಲರ್ ಒಳಗೆ ಮೊಬೈಲ್ ಟಾರ್ಚ್ ಬಿಡಿ. ಪಿನ್ನುಗಳು ಹೊಳೆಯಬೇಕು. ಬುಡದಲ್ಲಿ ಹಸಿರು ಪುಡಿ ಕಂಡರೆ ಅದು ಕಿಲುಬು. ತಾಮ್ರದ ಚೊಂಬಿನ ಒಳಗೆ ಕಟ್ಟುವುದೇ ಇಲ್ಲೂ ಕಟ್ಟುತ್ತದೆ. ನಾನು ಬಿಚ್ಚಿದ್ದರಲ್ಲಿ ಎರಡು ಪಿನ್ನಿನ ಪೈಕಿ ಒಂದು ಬೆಳ್ಳಗೆ, ಇನ್ನೊಂದರ ಸುತ್ತ ಸಾಸಿವೆ ಕಾಳಿನಷ್ಟು ಕಿಲುಬು. ಹಿಂದಿನ ಸಣ್ಣ ರಬ್ಬರ್ ಸೀಲು ಜಾರಿತ್ತು. ವೈರಿನ ಗುಂಟ ಇಳಿದ ನೀರು ನೇರ ಒಳಗೆ ಹೋಗಿತ್ತು. ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ.

ಕಿಲುಬು ಎರಡು ರೀತಿ ಕಾಡುತ್ತದೆ. ಪಿನ್ನು ಸರಿಯಾಗಿ ತಾಗದಿದ್ದರೆ ತಡೆ ಏರಿ ಅಂಕಿ ಚಳಿಯ ಕಡೆ ಹೋಗುತ್ತದೆ. ಎರಡು ಪಿನ್ನಿನ ಮಧ್ಯೆ ತೇವ ಸೇತುವೆ ಕಟ್ಟಿದರೆ ತಡೆ ಇಳಿದು ಬಿಸಿಯ ಕಡೆ ಹೋಗುತ್ತದೆ. ಪುನರ್ವಸು, ಪುಷ್ಯ ಮಳೆಯಲ್ಲಿ ಲೈಟ್ ಬಂದು ದೀಪಾವಳಿ ಹೊತ್ತಿಗೆ ತಾನಾಗಿ ಆರುವ ಕಾರುಗಳ ಕಥೆ ಹೆಚ್ಚಾಗಿ ಇದೇ.

ಮುಂದೆ ವೈರಿನ ಗುಂಟ ಕೈ ಆಡಿಸಿ. ಕೊಟ್ಟಿಗೆ ಪಕ್ಕ, ಅಡಿಕೆ ಗೋದಾಮಿನ ಪಕ್ಕ ಕಾರು ನಿಲ್ಲಿಸುವವರು ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆದು ನೋಡಿ. ಅಡಿಕೆ ಸಿಪ್ಪೆ, ಹುಲ್ಲು, ಬಟ್ಟೆ ಚೂರು ಸೇರಿಸಿ ಇಲಿ ಗೂಡು ಕಟ್ಟಿರುವುದು ಅಪರೂಪವೇನಲ್ಲ. ಗೂಡು ಇದ್ದರೆ ಕಡಿದ ವೈರೂ ಹತ್ತಿರದಲ್ಲೇ ಎಲ್ಲೋ ಇರುತ್ತದೆ. ಗೂಡನ್ನು ಬರಿಗೈಯಲ್ಲಿ ತೆಗೆಯಬೇಡಿ. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ. ಕೈಗವಸು ಹಾಕಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಈಗ ಕಪ್ಲರ್ ಮತ್ತೆ ಹಾಕಿ, ಕೀ ಆನ್ ಮಾಡಿ. ಒಬ್ಬರು ಆ್ಯಪ್ ನೋಡಲಿ, ನೀವು ವೈರನ್ನು ಗೇಣು ಗೇಣಾಗಿ ಮೆಲ್ಲಗೆ ಅಲ್ಲಾಡಿಸಿ. ಅಂಕಿ ಹಾರಿದ ಜಾಗದಲ್ಲೇ ತೊಂದರೆ ಇದೆ.

ಹಂತ 5: ಕಪ್ಲರ್ ಬಿಚ್ಚಿ ಇಸಿಯುವನ್ನೇ ಕೇಳಿ

ತಪ್ಪು ಸೆನ್ಸರ್‌ನದಾ, ವೈರಿನದಾ? ಇದನ್ನು ಬಿಡಿಸಿ ಹೇಳುವುದು ಈ ಹಂತ.

ಕೀ ಆಫ್ ಮಾಡಿ, ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ. ಆ್ಯಪ್‌ನಲ್ಲಿ ಅಂಕಿ ಮೈನಸ್ 40ಕ್ಕೆ ಇಳಿಯಬೇಕು, ಅಥವಾ ಬದಲಿ ಅಂಕಿಗೆ ಹೋಗಿ ಪಿ0113 ಬೀಳಬೇಕು. ಮುಂಚೆ ಸುಳ್ಳೇ ಬಿಸಿ ತೋರಿಸುತ್ತಿದ್ದದ್ದು ಈಗ ಮೈನಸ್ 40ಕ್ಕೆ ಹೋಯಿತು ಅಂದರೆ ವೈರು ಸರಿ ಇದೆ, ಅನುಮಾನ ಸೆನ್ಸರ್ ಅಥವಾ ಕಪ್ಲರ್ ಪಿನ್ನಿನ ಮೇಲೆ. ಬಿಚ್ಚಿದ ಮೇಲೂ ಬಿಸಿಯೇ ತೋರಿಸುತ್ತಿದ್ದರೆ ವೈರು ದಾರಿಯಲ್ಲಿ ಎಲ್ಲೋ ತಾಗಿದೆ.

ಮುಂಚಿನಿಂದಲೂ ಮೈನಸ್ 40 ಇದ್ದರೆ ಇದರ ಉಲ್ಟಾ ಮಾಡಬೇಕು. ಕಪ್ಲರ್‌ನ ಐಎಟಿ ಸಿಗ್ನಲ್ (ಇಸಿಯುಗೆ ಅಂಕಿ ಒಯ್ಯುವ ವೈರು) ಮತ್ತು ಸೆನ್ಸರ್ ಗ್ರೌಂಡ್ (ಕರೆಂಟು ಮರಳುವ ವೈರು), ಈ ಎರಡು ತೂತಿಗೆ ಸಣ್ಣ ವೈರು ಹಾಕಿ ಸೇರಿಸಿ. ಅಂಕಿ ಥಟ್ಟನೆ 120ಕ್ಕೂ ಮೇಲೆ ಹೋದರೆ ವೈರು ಮತ್ತು ಇಸಿಯು ಸರಿ, ಸೆನ್ಸರ್ ಹೋಗಿದೆ. ಅಲುಗಾಡದಿದ್ದರೆ ವೈರು ತುಂಡಾಗಿದೆ.

ಇಲ್ಲಿ ತುಂಬಾ ಹುಷಾರು. ಎರಡು ವೈರಿನ ಸೆನ್ಸರ್ ಆದರೆ ಹೆದರಿಕೆ ಇಲ್ಲ. ನಾಲ್ಕು ವೈರಿನ ಮ್ಯಾಪ್ ಸೆನ್ಸರ್‌ನಲ್ಲಿ ಒಂದು ವೈರು ಇಸಿಯು ಕೊಡುವ 5 ವೋಲ್ಟ್ ಸಪ್ಲೈ. ಅದನ್ನು ಗ್ರೌಂಡಿಗೆ ತಾಗಿಸಿದರೆ ಅದೇ ಸಪ್ಲೈ ನಂಬಿದ ಬೇರೆ ಸೆನ್ಸರ್‌ಗಳೂ ಬೀಳುತ್ತವೆ, ಇಸಿಯುಗೂ ಪೆಟ್ಟಾಗಬಹುದು. ಐದು ವೈರಿನ ಏರ್ ಫ್ಲೋ ಸೆನ್ಸರ್‌ನಲ್ಲಿ 12 ವೋಲ್ಟ್ ಕೂಡ ಇರುತ್ತದೆ. ನಿಮ್ಮ ಕಾರಿನ ವೈರಿಂಗ್ ನಕ್ಷೆ ನೋಡಿ, ಯಾವ ಪಿನ್ ಯಾವುದು ಎಂದು ಖಾತ್ರಿ ಇದ್ದರೆ ಮಾತ್ರ ಸೇರಿಸಿ. ಖಾತ್ರಿ ಇಲ್ಲ ಅಂದರೆ ಈ ಪರೀಕ್ಷೆ ಬಿಟ್ಟು ಮುಂದೆ ಹೋಗಿ. ಸಾವಿರದ ಸೆನ್ಸರ್ ನೋಡಲು ಹೋಗಿ ಹತ್ತಾರು ಸಾವಿರದ ಇಸಿಯು ಕಳೆದುಕೊಳ್ಳುವುದು ಬೇಡ.

ಹಂತ 6: ಸೆನ್ಸರ್‌ನ ತಡೆ ಅಳೆಯಿರಿ

ಕೀ ಆಫ್. ಸೆನ್ಸರ್ ಬಿಚ್ಚಿ ಹೊರಗೆ ತೆಗೆಯಿರಿ. ಮಲ್ಟಿಮೀಟರನ್ನು ಓಮ್ ಅಳತೆಯ 20ಕೆ ಮೇಲಿಡಿ. ಓಮ್ ಅಂದರೆ ತಡೆಯ ಮಾನ, ಸಾವಿರ ಓಮ್ ಸೇರಿದರೆ ಒಂದು ಕಿಲೋ ಓಮ್. ಎರಡು ಕಡ್ಡಿಗಳನ್ನು ಐಎಟಿಯ ಎರಡು ಪಿನ್ನಿಗೆ ಹಿಡಿಯಿರಿ. ಬೆರಳು ಪಿನ್ನಿಗೆ ತಾಗದಿರಲಿ.

ತುಂಬಾ ಕಾರುಗಳಲ್ಲಿ ಸಿಗುವ ಬಗೆಯ ಸೆನ್ಸರ್‌ಗೆ ಅಂಕಿ ಹೆಚ್ಚುಕಡಿಮೆ ಹೀಗಿರುತ್ತದೆ: 0 ಡಿಗ್ರಿಯಲ್ಲಿ 5ರಿಂದ 6 ಕಿಲೋ ಓಮ್, 20 ಡಿಗ್ರಿಯಲ್ಲಿ 2ರಿಂದ 3 ಕಿಲೋ ಓಮ್, 40 ಡಿಗ್ರಿಯಲ್ಲಿ 1 ಕಿಲೋ ಓಮ್‌ಗಿಂತ ತುಸು ಮೇಲೆ, 80 ಡಿಗ್ರಿಯಲ್ಲಿ ಸುಮಾರು 300 ಓಮ್. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಕೆಲವು ಕಂಪನಿಗಳ ಮಣಿ ಇದಕ್ಕಿಂತ ಜಾಸ್ತಿ ತಡೆಯದು.

ಅಂಕಿಗಿಂತ ಮುಖ್ಯ, ಅದು ಬದಲಾಗುವ ರೀತಿ. ಹೇರ್ ಡ್ರೈಯರನ್ನು ಒಂದು ಗೇಣು ದೂರ ಹಿಡಿದು ಬಿಸಿ ಗಾಳಿ ಬಿಡಿ. ತಡೆ ನಯವಾಗಿ ಇಳಿಯುತ್ತಾ ಹೋಗಬೇಕು. ನಿಲ್ಲಿಸಿದರೆ ನಯವಾಗಿ ಏರಬೇಕು. ಮಧ್ಯೆ ಜಿಗಿದರೆ, ಮಾಯವಾಗಿ ಮತ್ತೆ ಬಂದರೆ, ಸೆನ್ಸರ್ ಒಳಗೆ ಬಿರುಕಿದೆ.

ಬೇರೆಯಾಗಿ ಸಿಗುವ ಎರಡು ವೈರಿನ ಸೆನ್ಸರ್ ಆದರೆ ಐಸ್ ಪರೀಕ್ಷೆಯೂ ಆಗುತ್ತದೆ. ಅರ್ಧ ಐಸ್, ಅರ್ಧ ನೀರು ಕಲಸಿ ಐದು ನಿಮಿಷ ಬಿಟ್ಟರೆ ಅದು 0 ಡಿಗ್ರಿ, ಯಾರ ಥರ್ಮಾಮೀಟರೂ ಬೇಡ. ಸೆನ್ಸರನ್ನು ತೂತಿಲ್ಲದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದ್ದಿ. ಕುದಿಯುವ ನೀರನ್ನು ಅಳತೆಗೆ ಬಳಸುವುದಾದರೆ ಒಂದು ಮಾತು: ಶಿವಮೊಗ್ಗ ಸಮುದ್ರಮಟ್ಟಕ್ಕಿಂತ ಸುಮಾರು 570 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ.

ಏರ್ ಫ್ಲೋ ಸೆನ್ಸರನ್ನು ಮಾತ್ರ ಯಾವ ಕಾರಣಕ್ಕೂ ನೀರಿಗೆ ಅದ್ದಬೇಡಿ. ಅದರೊಳಗಿನ ಕೂದಲೆಳೆಯಂಥ ತಂತಿಯನ್ನು ಬೆರಳಿಂದಲೂ ಹತ್ತಿಯಿಂದಲೂ ಮುಟ್ಟಬೇಡಿ. ಮುರಿದರೆ ಇಡೀ ಸೆನ್ಸರ್ ಹೊಸದೇ ಆಗಬೇಕು, ಬೆಲೆ ಜಾಸ್ತಿ.

ಹಂತ 7: ವೋಲ್ಟೇಜ್

ಕಪ್ಲರ್ ಬಿಚ್ಚಿಟ್ಟು ಕೀ ಆನ್ ಮಾಡಿ. ಮೀಟರ್ 20 ವೋಲ್ಟ್ ಡಿಸಿ. ಕರಿ ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಕೆಂಪು ಕಡ್ಡಿ ಕಪ್ಲರ್‌ನ ಐಎಟಿ ಸಿಗ್ನಲ್ ಪಿನ್ನಿಗೆ. 5 ವೋಲ್ಟ್ ಹತ್ತಿರ ಬರಬೇಕು. ಬಾರದಿದ್ದರೆ ವೈರು ತುಂಡು ಅಥವಾ ಗ್ರೌಂಡಿಗೆ ತಾಗಿದೆ.

ಬಂದರೆ ಕರಿ ಕಡ್ಡಿಯನ್ನು ಬ್ಯಾಟರಿಯಿಂದ ತೆಗೆದು ಕಪ್ಲರ್‌ನದೇ ಗ್ರೌಂಡ್ ಪಿನ್ನಿಗೆ ಹಿಡಿಯಿರಿ. ಈಗಲೂ 5 ವೋಲ್ಟ್ ಬಂದರೆ ಎರಡೂ ವೈರು ಸರಿ. ಬ್ಯಾಟರಿಗೆ ಹಿಡಿದಾಗ ಬಂದು ಇಲ್ಲಿ ಬಾರದಿದ್ದರೆ ಗ್ರೌಂಡ್ ವೈರು ಕಡಿದಿದೆ. ಈ ಎರಡನೇ ಅಳತೆಯನ್ನು ಬಿಡುವವರೇ ಜಾಸ್ತಿ, ಹಾಗಾಗಿ ಗ್ರೌಂಡ್ ತೊಂದರೆ ತಪ್ಪಿಸಿಕೊಂಡುಬಿಡುತ್ತದೆ.

ಕಡ್ಡಿಯ ತುದಿಯನ್ನು ಪಿನ್ನಿನ ತೂತಿಗೆ ಒತ್ತಿ ತುರುಕಬೇಡಿ, ತೂತು ಅಗಲವಾದರೆ ಆಮೇಲೆ ಹಿಡಿತ ಇರುವುದಿಲ್ಲ. ವೈರಿನ ಮೈಗೆ ಗುಂಡುಸೂಜಿ ಚುಚ್ಚಿ ಅಳೆಯುವುದೂ ಬೇಡ. ಆ ತೂತಿನಿಂದ ಮುಂದಿನ ಮಳೆಗಾಲದಲ್ಲಿ ನೀರು ಒಳಗೆ ಹೋಗಿ ತಂತಿ ಕಪ್ಪಾಗುತ್ತದೆ.

ಹಂತ 8: ಸರಿಪಡಿಸುವುದು

ಕಿಲುಬು ಮಾತ್ರ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಪೂರ್ತಿ ಒಣಗಲು ಬಿಡಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡ, ಅದು ಜಿಡ್ಡು ಉಳಿಸಿ ಧೂಳು ಹಿಡಿಯುತ್ತದೆ. ರಬ್ಬರ್ ಸೀಲನ್ನು ಜಾಗಕ್ಕೆ ಕೂರಿಸಿ. ವೈರನ್ನು ಕಪ್ಲರ್‌ಗಿಂತ ತುಸು ಕೆಳಗೆ ಇಳಿಬಿಟ್ಟು ಕಟ್ಟಿ. ಆಗ ವೈರಿನ ಗುಂಟ ಬಂದ ನೀರು ಕೆಳಗಿನ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಕಪ್ಲರ್ ಒಳಗೆ ಹೋಗುವುದಿಲ್ಲ.

ವೈರು ಕಡಿದಿದ್ದರೆ ಬೆಸುಗೆ ಹಾಕಿಸಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿಸಿ. ತಿರುಚಿ ಕಪ್ಪು ಟೇಪ್ ಸುತ್ತಿದರೆ ಬೇಸಿಗೆ ಕಳೆಯುತ್ತದೆ, ನಮ್ಮ ಮಳೆಗಾಲ ಕಳೆಯುವುದಿಲ್ಲ.

ಸೆನ್ಸರೇ ಹೋಗಿದ್ದರೆ ಹಳೆಯದರ ಮೇಲಿನ ಪಾರ್ಟ್ ನಂಬರ್ ನೋಡಿ ಅದೇ ತನ್ನಿ. ನೋಡಲು ಒಂದೇ ಥರ ಇದ್ದು ಒಳಗಿನ ಮಣಿ ಬೇರೆ ಇದ್ದರೆ ಅಂಕಿ ಯಾವಾಗಲೂ ತಪ್ಪೇ. ಅಂಗಡಿಯಿಂದ ತಂದ ಹೊಸದನ್ನೂ ಹಾಕುವ ಮುಂಚೆ ಮೀಟರ್ ಹಿಡಿದು ಅಳೆಯಿರಿ. ರಬ್ಬರ್ ರಿಂಗ್ ಸೀಳಿಲ್ಲ ಎಂದು ನೋಡಿಕೊಂಡು ಸ್ಕ್ರೂ ಮೆಲ್ಲಗೆ ಬಿಗಿ ಮಾಡಿ, ಒಳಗಿರುವುದು ಪ್ಲಾಸ್ಟಿಕ್.

ಇನ್ನು ವಾಟರ್ ಸರ್ವಿಸ್. ಬಾನೆಟ್ ತೆರೆದು ಒತ್ತಡದ ನೀರು ಹೊಡೆಸುವುದನ್ನು ದಯವಿಟ್ಟು ನಿಲ್ಲಿಸಿ. ಮಳೆ ನೀರು ತಡೆಯುವ ಸೀಲು ಆ ಒತ್ತಡ ತಡೆಯುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಂತ 9: ಈಗ ಕೋಡ್ ಅಳಿಸಿ, ಮತ್ತೆ ಬೆಳಗ್ಗೆ ನೋಡಿ

ಎಲ್ಲಾ ಜೋಡಿಸಿದ ಮೇಲೆ ಆ್ಯಪ್‌ನಿಂದ ಕೋಡ್ ಅಳಿಸಿ. ಒಂದೆರಡು ದಿನ ಐಡ್ಲಿಂಗ್ ಸ್ವಲ್ಪ ಬೇರೆ ಅನ್ನಿಸಬಹುದು. ತಪ್ಪು ಅಂಕಿಗೆ ಹೊಂದಿಕೊಂಡಿದ್ದ ಪೆಟ್ರೋಲ್ ಲೆಕ್ಕವನ್ನು ಇಸಿಯು ಹೊಸದಾಗಿ ಕಲಿಯುತ್ತಿರುತ್ತದೆ. ಅದಕ್ಕೆ ಹೆದರಿ ಮತ್ತೆ ಏನನ್ನೂ ಬಿಚ್ಚಬೇಡಿ.

ಮಾರನೇ ಬೆಳಗ್ಗೆ ಹಂತ 2ನ್ನು ಮತ್ತೆ ಮಾಡಿ, ಮೂರು ಅಂಕಿ ಬರೆಯಿರಿ. ಆಮೇಲೆ ಒಂದು ಜೋರು ಮಳೆ ದಿನದ ಮರುದಿನವೂ ಮಾಡಿ, ಕಪ್ಲರ್ ಕೆಲಸ ಗಟ್ಟಿಯಾಗಿದೆಯಾ ಎಂದು ತೋರಿಸುವುದು ಆ ದಿನವೇ. ಅಷ್ಟಾದ ಮೇಲೂ ಕೋಡ್ ಬಂದರೆ ನೀವು ಬರೆದಿಟ್ಟ ಕಾಗದವನ್ನು ಮೆಕ್ಯಾನಿಕ್ ಕೈಗೆ ಕೊಡಿ: ಕೋಡ್, ಫ್ರೀಜ್ ಫ್ರೇಮ್, ಬೆಳಗಿನ ಮೂರು ಅಂಕಿ, ಓಮ್, ವೋಲ್ಟ್. "ಗಾಡಿ ಎಳೀತಿಲ್ಲ" ಅಂತ ಸುಮ್ನೆ ಹೇಳಿ ಬಿಟ್ಟುಬರುವುದಕ್ಕಿಂತ ಅವರ ಅರ್ಧ ದಿನದ ಹುಡುಕಾಟ ಉಳಿಯುತ್ತದೆ, ಮತ್ತೊಂದು ಸೆನ್ಸರ್‌ನ ಬಿಲ್ಲೂ ನಿಮಗೆ ಬರುವುದಿಲ್ಲ.